ಬಿಚ್ಚದ ಗಂಟು

ಮಗ ತೀರಿಕೊಂಡ ಮೇಲೆ ಹಂಪಣ್ಣನ ಮನೆಯ ಮುಂದೆ, ಬೇವಿನ ಮರದ ನೆರಳಿನಲ್ಲಿ, ಎರಡು ಜೀವ ಕದಲದೆ ಉಳಿದವು. ಒಂದು, ಮೂತಿ ಜಜ್ಜಿಹೋದ ಹಳೆಯ ಪಿಕಪ್ ಗಾಡಿ. ಇನ್ನೊಂದು, ಕಟ್ಟೆಯ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದ ಅವನ ಹೆಂಡತಿ ಮುದುಕಮ್ಮ. ಗಾಡಿಗೆ ಜೀವವಿಲ್ಲವೆಂದು ಹಂಪಣ್ಣನಿಗೂ ಗೊತ್ತಿತ್ತು. ಆದರೆ ಅದರ ಹತ್ತಿರ ಹಾದುಹೋದಾಗಲೆಲ್ಲ, ಅದು ಏನೋ ಹೇಳಲು ಬಾಯಿ ತೆರೆದು ಹಾಗೇ ನಿಂತಂತೆ ಅವನಿಗೆ ಕಾಣುತ್ತಿತ್ತು.

ಯಲಬುರ್ಗಾದ ಅಂಚಿನ ಆ ಮನೆಯಿಂದ ಮಗ ಸಿದ್ದೇಶ ದಿನವೂ ನಸುಕಿನಲ್ಲಿ ಹೊರಡುತ್ತಿದ್ದ. ಗಂಗಾವತಿಯ ಗಿರಣಿಗಳಲ್ಲಿ ಅಕ್ಕಿಚೀಲ ಹೇರಿಕೊಂಡು ಬಂದು ಕುಷ್ಟಗಿ, ಯಲಬುರ್ಗಾದ ಅಂಗಡಿಗಳಿಗೆ ಇಳಿಸುವುದು ಅವನ ಉದ್ಯೋಗ. "ಲೋಡ್ ಇದ್ರ ಈ ಗಾಡಿ ಆನಿ ಇದ್ದಂಗ, ಯಪ್ಪಾ. ಖಾಲಿ ಆತಂದ್ರ ದಾವಣಿ ಹರಕೊಂಡ ಹೋರಿ," ಎಂದು ಉಣ್ಣುತ್ತ ಕುಳಿತಾಗ ಹೇಳಿ ನಗುತ್ತಿದ್ದ. ಮನೆಯವರೂ ಅದನ್ನು ನಗೆಮಾತೆಂದೇ ಕೇಳಿ ಬಿಟ್ಟಿದ್ದರು.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ, ಕುಷ್ಟಗಿಯಲ್ಲಿ ಚೀಲ ಇಳಿಸಿ ಖಾಲಿ ಗಾಡಿಯಲ್ಲಿ ಅವನು ಮನೆಗೆ ಬರುತ್ತಿದ್ದಾಗ ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂತು. ಸಿದ್ದೇಶ ಬ್ರೇಕ್ ಒತ್ತಿದ. ಗಾಡಿ ಬುಗುರಿಯಂತೆ ತಿರುಗಿ ಹುಣಸೆಮರಕ್ಕೆ ಬಡಿಯಿತು. ಒಂದು ಕುರಿಗೂ ಪೆಟ್ಟಾಗಲಿಲ್ಲ.

ಊರೆಂದ ಮೇಲೆ ಮಾತು ಇದ್ದದ್ದೇ. ಜೋರು ಹೊಡೆದ ಎಂದರು ಕೆಲವರು. ಕುಡಿದಿದ್ದ ಎಂದೂ ಒಬ್ಬ ಅಂದ. ಸಿದ್ದೇಶ ಚಹ ಬಿಟ್ಟು ಬೇರೇನನ್ನೂ ಬಾಯಿಗೆ ಮುಟ್ಟಿಸಿದವನಲ್ಲ. ಹಂಪಣ್ಣ ಯಾರಿಗೂ ಎದುರು ಮಾತಾಡಲಿಲ್ಲ. ಶಿವ ಕೊಟ್ಟಿದ್ದ, ಶಿವ ಕರೆದುಕೊಂಡ ಎಂದು ವಿಭೂತಿ ಧರಿಸಿ ಸುಮ್ಮನಾದ. ಸುಮ್ಮನಾಗಲು ಬಿಡದಿದ್ದುದು ಮನೆಯೊಳಗಿನ ಒಂದೇ ಒಂದು ಮಾತು. ಅದು ಮುದುಕಮ್ಮನದು.

"ನಾ ಗಂಟು ಕಟ್ಟಲಿಲ್ಲ. ಅದಕ್ಕs ಹೋದ."

ಗಾಡಿ ಮನೆಗೆ ಬಂದಂದಿನಿಂದ ಪ್ರತಿ ಅಮಾವಾಸ್ಯೆಗೆ ಮುದುಕಮ್ಮ ಅದಕ್ಕೊಂದು ದೃಷ್ಟಿಗಂಟು ಕಟ್ಟುತ್ತಿದ್ದಳು. ತನ್ನ ಹಳೆಯ ಸೀರೆಯ ಅಂಚು ಹರಿದು, ಅದರೊಳಗೆ ಹುಲಿಗೆಮ್ಮನ ಭಂಡಾರವೆಂಬ ಅರಿಸಿನಪುಡಿ, ಒಂದು ಕೇರುಬೀಜ, ಇದ್ದಿಲಿನ ಚೂರು, ಹರಳುಪ್ಪು ಇಟ್ಟು, ಕರಿಯ ಉಣ್ಣೆದಾರದಿಂದ ಬಿಗಿಯುವಳು. ಬೇರೆಯವರು ಲಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಗಾಡಿಯ ಮುಂದೆ ತೂಗುಬಿಡುತ್ತಾರೆ. ಅದು ಆಕೆಗೆ ಒಪ್ಪಿಗೆಯಿರಲಿಲ್ಲ. "ಕಂಡೋರ ಕಣ್ಣು ತಪ್ಪಸಾಕ ಕಟ್ಟೂದು. ಅದನ್ನ ಕಂಡೋರಿಗೇ ತೋರಸ್ತಾರಲ್ಲ, ಹುಚ್ಚರು!" ಎನ್ನುವಳು. ಆದ್ದರಿಂದ ಗಾಡಿಯ ಹಿಂದುಗಡೆ ಕೆಳಗೆ ನುಸುಳಿ, ಕೈಗೆ ಎಟಕಿದ ಕಬ್ಬಿಣಕ್ಕೆ ಯಾರಿಗೂ ಕಾಣದಂತೆ ಕಟ್ಟುವಳು. ದೇವಿಯ ಭಂಡಾರ ನೆಲದ ಕಡೆ ಜೋತುಬೀಳಬಾರದು ಎಂದು ಮೇಲಕ್ಕೆಳೆದು ಬಿಗಿಯುವಳು. ಹಳೆಯದನ್ನು ಬಿಚ್ಚುತ್ತಲೂ ಇರಲಿಲ್ಲ. ತಾಯಿಯ ಹೆಸರಿನಲ್ಲಿ ಕಟ್ಟಿದ್ದನ್ನು ಮನುಷ್ಯರ ಕೈ ಬಿಚ್ಚಬಾರದು, ಹೊಸದು ಹಳೆಯದರ ಮೇಲೆಯೇ ಕೂರಬೇಕು ಎಂಬುದು ಆಕೆಯ ನೇಮ.

"ಯವ್ವಾ, ತಿಂಗಳಿಗೊಮ್ಮೆ ಗಾಡಿ ಕೆಳಗ ಹೊಕ್ಕೊಂಡು ಮಲಗತಿಯಲ್ಲ, ನಿನಗೊಂದು ಗ್ಯಾರೇಜ್ ಹಾಕಿಕೊಡ್ಲೇನು?" ಎಂದು ಸಿದ್ದೇಶ ಚೇಷ್ಟೆ ಮಾಡುವನು. ಆದರೆ ಆಕೆ ಹೊರಗೆ ಬರುವವರೆಗೂ ಚಕ್ರಕ್ಕೆ ಕಲ್ಲು ಕೊಟ್ಟು, ಎಬ್ಬಿಸಲು ಕೈ ನೀಡಿ ನಿಂತಿರುವನು.

ಆ ತಿಂಗಳ ಅಮಾವಾಸ್ಯೆಗೆ ಮಾತ್ರ ಗಂಟು ತಪ್ಪಿತು. ಮಗಳು ಅಮೃತಾಳ ಬಾಣಂತನಕ್ಕೆ ಮುದುಕಮ್ಮ ಗಂಗಾವತಿಗೆ ಹೋಗಿದ್ದಳು. ಮೊಮ್ಮಗಳನ್ನು ಎರೆದು, ತೊಟ್ಟಿಲಿಗೆ ಹಾಕಿ, ಅಮಾವಾಸ್ಯೆ ಕಳೆದದ್ದೇ ಗೊತ್ತಾಗಲಿಲ್ಲ. ಅದರ ಮುಂದಿನ ವಾರವೇ ಮಗ ಹೋದ.

"ಹಳೇವು ಸಡಲಾಗಿ ಎಲ್ಲೋ ಉದರಿ ಬಿದ್ದಾವ. ನನ್ನ ಮಗ ಕಾವಲಿಲ್ಲದ ಬರೇ ಮೈಲೆ ಹೋಗ್ಯಾನ," ಎಂದು ಹಗಲೆಲ್ಲ ಅದನ್ನೇ ಆಡುವಳು.

ಅತ್ತಿದ್ದರೆ ಹಂಪಣ್ಣ ಸಮಾಧಾನ ಮಾಡುತ್ತಿದ್ದ. ಆಕೆ ಅಳುತ್ತಿರಲಿಲ್ಲ. ದೇವರ ಜಗುಲಿಯ ಹತ್ತಿರ ಹೋಗುವುದನ್ನು ಬಿಟ್ಟಳು. ಹಂಪಣ್ಣನ ಲಿಂಗಪೂಜೆಗೆ ದಿನವೂ ತಂಬಿಗೆ ನೀರು, ಪತ್ರಿ ತಂದಿಡುತ್ತಿದ್ದವಳು ಆಕೆಯೇ. ಈಗ, "ಬ್ಯಾಡ್ರಿ. ತಪ್ಪಿದ ಕೈ ಇದು, ದೇವರಿಗೆ ಮುಟ್ಟಂಗಿಲ್ಲ," ಎನ್ನುವಳು. ಅರ್ಧ ರೊಟ್ಟಿ ಮುರಿದು, ಅದರಲ್ಲೂ ಅರ್ಧ ತಾಟಿನಲ್ಲಿ ಬಿಟ್ಟು ಏಳುವಳು. ಹೀಗೆಯೇ ನಡೆದರೆ ಬರುವ ಶ್ರಾವಣಕ್ಕೆ ಈಕೆಯೂ ಇರುವುದಿಲ್ಲ ಎಂದು ಹಂಪಣ್ಣನಿಗೆ ಒಳಗೇ ತಿಳಿದಿತ್ತು.

"ಗಂಟಿಗೂ ಅದಕ್ಕೂ ಸಂಬಂಧ ಇಲ್ಲ," ಎಂದು ಒಮ್ಮೆ ಹೇಳಿ ನೋಡಿದ.

"ನಿಮಗ ಹೆಂಗ ಗೊತ್ತು? ನೋಡೀರೇನು?"

ಅವನು ನೋಡಿರಲಿಲ್ಲ. ಮದುವೆಯಾದಂದಿನಿಂದ ಅವನು ಹೆಂಡತಿಗೆ ಸುಳ್ಳು ಹೇಳಿದವನಲ್ಲ. ಹೇಳಿದರೆ ನಾಲಗೆ ತೊದಲಿ ಆಕೆಗೆ ಗೊತ್ತಾಗಿಯೇ ಬಿಡುತ್ತಿತ್ತು.

ಹೀಗಿರುವಾಗ ಸೊಸೆ ಶಿವಲೀಲಾ ಒಂದು ಮಧ್ಯಾಹ್ನ ಬಂದು ಕಂಬಕ್ಕೆ ಒರಗಿ ನಿಂತಳು. "ಮಾವಾರ, ಗಾಡಿ ರಿಪೇರಿ ಮಾಡಸೋಣ್ರಿ. ನಾ ಓಡಸ್ತೀನಿ."

ಗಂಡನ ಪಕ್ಕದಲ್ಲಿ ಕುಳಿತು ಗಾಡಿ ಕಲಿತವಳು ಆಕೆ. ಲೈಸೆನ್ಸೂ ಇತ್ತು. ಗಿರಣಿಯವರ, ಅಂಗಡಿಯವರ ಫೋನು ಹಿಡಿದು ಮಾತಾಡುತ್ತಿದ್ದವಳೂ ಆಕೆಯೇ.

"ಆ ಗಾಡಿನ?" ಎಂದಳು ಮುದುಕಮ್ಮ ಕಟ್ಟೆಯಿಂದ. "ನಿನಗೂ ಬುದ್ಧಿ ಇಲ್ಲೇನ?"

"ಅವ್ರ ಕೈ ಸವದ ಸ್ಟೇರಿಂಗ್ ಐತಿ, ಅತ್ತಿ. ಗುಜರಿಗೆ ಹಾಕಾಕ ನನಗ ಮನಸಿಲ್ಲ."

ಹಂಪಣ್ಣ ಬಹಳ ಹೊತ್ತು ಗಾಡಿಯನ್ನೇ ನೋಡಿದ. ಸೊಸೆಯ ಮಾತಿಗಿಂತ ಬೇರೊಂದು ಯೋಚನೆ ಅವನ ತಲೆಯಲ್ಲಿ ಎದ್ದಿತ್ತು. ಗಾಡಿ ಬಿಚ್ಚಿದರೆ ಅದು ಏಕೆ ಹಾಗೆ ತಿರುಗಿತೆಂದು ತಿಳಿಯುತ್ತದೆ. ಎಲ್ಲೋ ಒಂದು ಪೈಪು ಒಡೆದಿರುತ್ತದೆ, ಎಲ್ಲೋ ಒಂದು ತಿರುಪು ಕಳಚಿರುತ್ತದೆ. ಆ ಮುರುಕು ಕಬ್ಬಿಣವನ್ನು ತಂದು ಮುದುಕಮ್ಮನ ಉಡಿಯಲ್ಲಿ ಹಾಕಿ, "ನೋಡು, ಇದರ ತಪ್ಪು. ನಿಂದಲ್ಲ," ಎಂದು ಹೇಳಬಹುದು. ಕಣ್ಣಾರೆ ಕಂಡು ಹೇಳಬಹುದು.

"ಆತು," ಎಂದ. "ಆದ್ರ ಬ್ರೇಕಿನ ಕೆಲಸ ನಡಿಯೋ ಮುಂದ ನಾ ಅಲ್ಲೇ ಕುಂದರಾಂವ."

*

ಕೊಪ್ಪಳದಲ್ಲಿ ಹುಸೇನಬಾಷಾನ ಗ್ಯಾರೇಜು ಗಂಗಾವತಿ ರಸ್ತೆಯ ಪಕ್ಕದಲ್ಲಿತ್ತು. ಜಜ್ಜಿದ ಮೂತಿಯನ್ನು ಬೇರೆ ಕಡೆ ಬಡಿದು ತಿದ್ದಿಸಿ, ಗಾಡಿಯನ್ನು ಎಳೆತಂದು ಅವನ ಮುಂದೆ ನಿಲ್ಲಿಸಿದ್ದರು. ಬಾಷಾ ನರೆಗಡ್ಡದ, ಬಾಯಿ ಜೋರಿನ ಮನುಷ್ಯ. ಸಿದ್ದೇಶನ ಗುರುತಿತ್ತು, ಆದರೆ ಈ ಗಾಡಿಯ ಕೆಲಸ ಅವನ ಕೈಗೆ ಬಂದದ್ದು ಇದೇ ಮೊದಲು.

"ಬರ್ರಿ ಹಂಪಣ್ಣಾರ. ಮಿಸ್ತ್ರಿ ಮ್ಯಾಲ ನಂಬಿಕಿ ಇಲ್ಲೇನ್ರಿ, ಕಾವಲಿಗೆ ಬಂದೀರಿ?"

"ನಂಬಿಕಿ ಐತಿ. ನಾ ಕಾರಣ ನೋಡಾಕ ಬಂದೀನಿ. ಯಾಕ ಹಂಗಾತು ಅಂತ."

ಬಾಷಾನ ನಗು ಇಳಿಯಿತು. ಒಂದು ಖಾಲಿ ಆಯಿಲ್ ಡಬ್ಬಿಯ ಮೇಲೆ ಗೋಣಿ ಹಾಸಿ ಕೂರಲು ಕೊಟ್ಟ. ಜ್ಯಾಕ್ ಏರಿಸಿ, ಗಾಲಿ ಕಳಚಿ, ಬ್ರೇಕ್ ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಹಂಪಣ್ಣನ ಮುಂದೆ ಹಾಕತೊಡಗಿದ. ಅವು ಹೊರಗೆಲ್ಲ ತುಕ್ಕು ಹಿಡಿದು, ಒಣಗಿದ ಬಳ್ಳಿಯಂತೆ ಹೊಪ್ಪಳಿಕೆ ಎದ್ದಿದ್ದವು.

ಹಂಪಣ್ಣ ಒಂದನ್ನು ಎತ್ತಿ ಹಿಡಿದ. "ಇದs ಏನು? ಇದು ಒಡದಿತ್ತಾ?"

"ಒಡದಿಲ್ರಿ. ಒಡದಿದ್ರ ಬ್ರೇಕ್ ಆಯಿಲ್ ಚೆಲ್ಲಿ ಅದರ ಡಬ್ಬಿ ಬರಿದಾಗಿರತಿತ್ತು. ಬಿಚ್ಚೂಕಿಂತ ಮೊದಲ ನೋಡೀನಿ, ತುಂಬಿತ್ತು. ಇನ್ನೊಂದು ವರ್ಷ ಬಿಟ್ಟಿದ್ರ ಒಡೀತಿತ್ತು, ಆ ಮಾತು ಬ್ಯಾರೆ. ಎಲ್ಲಾ ಹೊಸಾವು ಹಾಕ್ತೀನಿ."

ಹಂಪಣ್ಣ ಪೈಪನ್ನು ಕೆಳಗಿಟ್ಟ.

"ಗಾಡಿ ಹೆಂಗ ಹೋತಂತ್ರಿ? ಮೂತಿ ಎಳೀತೋ, ಬಾಲ ತಿರಗಿತೋ?" ಎಂದು ಬಾಷಾ ಕೇಳಿದ.

"ಹಿಂದಿಂದು ಜಾರಿ ಮುಂದಕ್ಕ ಬಂತಂತ. ಕುರುಬರಾಂವ ಕಣ್ಣಾರೆ ನೋಡ್ಯಾನ."

"ಹಂಗಾದ್ರ ಹಿಂದs ಹುಡುಕಬೇಕು," ಎಂದು ಬಾಷಾ ಚಾಪೆ ಎಳೆದುಕೊಂಡು ಕೆಳಗೆ ಹೊಕ್ಕ. ಅಲ್ಲಿಂದಲೇ ಮಾತು ಮುಂದುವರಿಸಿದ. "ಇಲ್ಲೊಂದು ಲೋಡ್ ವಾಲ್ ಅಂತ ಇರತೈತ್ರಿ. ಪೆಡಲ್ ಒತ್ತಿದ್ರ ಹಿಂದಿನ ಗಾಲಿಗೆ ಎಷ್ಟು ಆಯಿಲ್ ಬಿಡಬೇಕು ಅನ್ನೂದನ್ನ ಅದು ನೋಡಿಕೋತೈತಿ. ಹಿಂದ ಭಾರ ಇದ್ರ ಗಾಡಿ ಕುಂದರತೈತಿ, ವಾಲಿನ ಕಡ್ಡಿ ಮ್ಯಾಲೇಳತೈತಿ, ಪೂರಾ ಬಿಡತೈತಿ. ಖಾಲಿ ಇದ್ರ ಗಾಡಿ ಮ್ಯಾಲೇಳತೈತಿ, ಕಡ್ಡಿ ಇಳೀತೈತಿ, ಆಯಿಲ್ ತಡೀತೈತಿ. ತಡೀಲಿಲ್ಲಂದ್ರ ಖಾಲಿ ಗಾಡಿ ಹಿಂದಿನ ಗಾಲಿ ಗಪ್ಪನ ಹಿಡಕೊಂಡು ಜಾರೂದs."

"ನಮ್ಮ ತೂಬು ಇದ್ದಂಗ ಅನ್ನು."

"ತೂಬಿನ ವಿದ್ಯಾ ನಿಮಗs ಗೊತ್ತು."

ನಿಜ, ಅದು ಹಂಪಣ್ಣನಿಗೇ ಗೊತ್ತಿದ್ದ ವಿದ್ಯೆ. ಮುನಿರಾಬಾದಿನ ಕಾಲುವೆಯಲ್ಲಿ ಗೇಟು ಏರಿಸಿ ಇಳಿಸುವ ಲಸ್ಕರನಾಗಿ ಅವನು ತಲೆ ಹಣ್ಣಾಗುವವರೆಗೆ ದುಡಿದವನು. ಮೇಲಿನ ಹೊಲಕ್ಕೆ ಎಷ್ಟು, ಕೊನೆಯ ಹೊಲಕ್ಕೆ ಎಷ್ಟು ಎಂದು ನೀರು ಹಂಚಿದವನು. ಆಸೆಬುರುಕ ರೈತನೊಬ್ಬ ಯಾರೂ ಇಲ್ಲದಾಗ ಬಂದು ಗೇಟನ್ನು ಮೇಲೆತ್ತಿ ಹಗ್ಗದಿಂದ ಬಿಗಿದು ಹೋದರೆ, ಬಂದ ನೀರೆಲ್ಲ ಒಂದೇ ಕಡೆ ನುಗ್ಗಿ ಒಡ್ಡು ಕೊಚ್ಚಿಹೋಗುತ್ತಿತ್ತು. ಅಂಥ ಹಗ್ಗಗಳನ್ನು ಅವನು ಎಷ್ಟೋ ಸಲ ಕುಡಗೋಲಿನಿಂದ ಕೊಯ್ದಿದ್ದ.

"ಇಲ್ಲೇನೋ ಎರಿ ಮಣ್ಣಿನ ಗಡ್ಡಿ ಕುಂತೈತಲ್ರಿ," ಎಂದಿತು ಗಾಡಿಯ ಕೆಳಗಿನ ಧ್ವನಿ. "ಕಲ್ಲಾಗಿ ಹೋಗೇತಿ." ಸ್ಕ್ರೂಡ್ರೈವರಿನಿಂದ ಕೆದಕುವ ಸದ್ದು ಕೇಳಿತು. ಒಣಮಣ್ಣು ನೆಲಕ್ಕೆ ಉದುರಿತು. ಆಮೇಲೆ ಬಾಷಾ ಬೈಗುಳಕ್ಕೆ ಇಳಿದ. "ಏ ಇವನೌನ, ಮಣ್ಣಲ್ರಿ ಇದು, ಹಗ್ಗ! ಯಾವನೋ ಮಗ ವಾಲಿನ ಕಡ್ಡಿ ಮ್ಯಾಲೆತ್ತಿ ಮ್ಯಾಲಿನ ಚೆಸ್ಸಿ ಕಬ್ಬಿಣಕ್ಕ ಬಿಗಿದಾನ. ಹಿಂಗ ಕಟ್ಟಿದ್ರ ಗಾಡಿ ಯಾವಾಗಲೂ ಲೋಡ್ ಐತಿ ಅಂತ ತಿಳಕೋತೈತಿ ಅದು. ಖಾಲಿ ಗಾಡಿಗೂ ಪೂರಾ ಬ್ರೇಕು! ಯಾರ್ರಿ ಈ ಬುದ್ಧಿಗೇಡಿ? ಅವನ ಕೈಯಾಗ ಹುಳ ಬೀಳ..."

"ಬಾಷಾ," ಎಂದ ಹಂಪಣ್ಣ. ಡಬ್ಬಿಯಿಂದ ಇಳಿದು ಅವನು ನೆಲದ ಮೇಲೆ ಮೊಣಕಾಲೂರಿದ್ದ. "ಸಾಕು."

ಕೆದಕಿದ ಮಣ್ಣಿನಡಿಯಿಂದ, ಗಂಟುಗಳ ಸಂದಿಯಲ್ಲಿ, ಕೆಂಪು ಬಣ್ಣ ಕಾಣುತ್ತಿತ್ತು. ಇಳಕಲ್ ಸೀರೆಯ ಅಂಚು. ಮುದುಕಮ್ಮ ಅದನ್ನು ಉಟ್ಟಿದ್ದಾಗ ಸಿದ್ದೇಶ ಇನ್ನೂ ಅಂಬೆಗಾಲಿಡುತ್ತಿದ್ದ.

ಬಾಷಾನ ಕೈ ನಿಂತಿತು. ಅವನೂ ಈ ಸೀಮೆಯವನೇ. ಅವನ ತಾಯಿಯೂ ಮಕ್ಕಳ ತೋಳಿಗೆ ತಾಯಿತ ಕಟ್ಟಿದವಳೇ. ಗಂಟಿನ ಸಂದಿಯಿಂದ ಉದುರಿದ ಕೇರುಬೀಜ, ಹಳದಿ ಪುಡಿ ಅವನ ಎದೆಯ ಮೇಲೆ ಬಿದ್ದಿದ್ದವು. ಅವನು ಅವನ್ನು ಜಾಡಿಸದೆ ಮೆಲ್ಲಗೆ ಆರಿಸಿ ಅಂಗೈಯಲ್ಲಿ ಹಿಡಿದು ಹೊರಗೆ ಬಂದ.

"ತಪ್ಪಾತ್ರಿ," ಎಂದ. "ಬಾಯಿ ಹೊಲಸು ನಂದು."

ಹಂಪಣ್ಣ ಅವನ ಅಂಗೈಯಿಂದ ಕೇರುಬೀಜ ಎತ್ತಿಕೊಂಡ.

"ಇದs ಕಾರಣ ಅಂತ ಯಾರು ಹೇಳ್ಯಾರ್ರಿ? ಮಳಿ ಇತ್ತು. ಹಿಂದಿನ ಟೈರ್ ಸವದಾವ. ಕುರಿ ಅಡ್ಡ ಬಂದಾವ. ಒಂದಕ್ಕ ಹತ್ತು ಕಾರಣ ಇರತಾವ."

"ನಾ ಲಸ್ಕರ ಇದ್ದೆ, ಬಾಷಾ. ಗೇಟು ಎತ್ತಿ ಕಟ್ಟಿದ್ರ ನೀರು ಎಲ್ಲಿ ನುಗ್ಗತೈತಿ ಅನ್ನೂದನ್ನ ನೀ ನನಗ ಹೇಳಬ್ಯಾಡ."

ಬಾಷಾ ತಲೆ ತಗ್ಗಿಸಿದ. "ಯವ್ವಗ ಹೇಳಬ್ಯಾಡ್ರಿ," ಎಂದಷ್ಟೇ ಅಂದ.

"ಕೇಳತಾಳ. ನೋಡೀರೇನು ಅಂತ ಕೇಳs ಕೇಳತಾಳ."

ಗಂಟನ್ನು ಬಿಚ್ಚಲು ಇಬ್ಬರೂ ನೋಡಿದರು. ಆಗಲಿಲ್ಲ. ಗಂಟಿನ ಮೇಲೆ ಗಂಟು ಕೂತು, ಉಣ್ಣೆದಾರ ಮಣ್ಣು ಕುಡಿದು ಬಿಗಿದಿತ್ತು. ಕೊನೆಗೆ ಬಾಷಾ ಗರಗಸದ ಬ್ಲೇಡು ಹಚ್ಚಿ ಕೊಯ್ದು, ಇಡಿಯಾಗಿ ತೆಗೆದು ಹಂಪಣ್ಣನ ಹೆಗಲ ವಸ್ತ್ರದಲ್ಲಿ ಹಾಕಿದ. ತೆಂಗಿನಕಾಯಿಯಷ್ಟು ದಪ್ಪ ಇತ್ತು.

ವಾಲ್ವು ಕೆಲಸಕ್ಕೆ ಬಾರದಂತೆ ಜಾಮಾಗಿತ್ತು. ಅದನ್ನು ಕಿತ್ತೆಸೆದು ಪೈಪಿಗೆ ಪೈಪು ಕೂಡಿಸಿಬಿಡುವುದು ಆ ಕಡೆಯ ರೂಢಿ. ಹಂಪಣ್ಣ ಒಪ್ಪಲಿಲ್ಲ. "ನನ್ನ ಸೊಸಿ ಕುಂದರತಾಳ ಇದರಾಗ. ಇದ್ದದ್ದು ಇದ್ದಂಗ ಆಗಬೇಕು." ಬಾಷಾ ಹೊಸಪೇಟೆಯ ಅಂಗಡಿಗೆ ಫೋನು ಮಾಡಿದ. ಅಲ್ಲಿ ಒಂದಿದೆ ಎಂದರು.

"ನಾs ಹೋಗಿ ತರತೀನಿ," ಎಂದು ಹಂಪಣ್ಣ ಎದ್ದ. ಅವನಿಗೆ ಹೊಸಪೇಟೆಯ ದಾರಿಯಲ್ಲಿ ಬೇರೊಂದು ಕೆಲಸವೂ ಇತ್ತು.

*

ಹುಲಿಗೆಮ್ಮನ ಊರಾದ ಹುಲಿಗಿಯಲ್ಲಿ ಬಸ್ಸಿಳಿದು ಹೊಳೆಗೆ ಹೋದ. ಮೇಲುಗಡೆ ಡ್ಯಾಮಿನ ಗೋಡೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅವನ ಆಯುಷ್ಯದ ಬಹುಪಾಲು ಕಳೆದದ್ದು ಅದರ ನೆರಳಿನಲ್ಲೇ. ಬಂಡೆಯ ಮೇಲೆ ಕುಳಿತು, ಕೈಕಾಲು ತೊಳೆದು, ಹೆಗಲ ವಸ್ತ್ರದಿಂದ ಗಂಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ನೀರು ಚಿಮುಕಿಸಿ ಉಜ್ಜಿದಂತೆ ಒಂದೊಂದೇ ಪದರ ಬಣ್ಣಕ್ಕೆ ಬಂತು. ಮೇಲಿನದು ನೀಲಿ, ಕಳೆದ ದೀಪಾವಳಿಯಲ್ಲಿ ಒಲೆಯ ಕಿಡಿ ಹಾರಿ ತೂತಾದ ಸೀರೆ. ಅದರ ಕೆಳಗೆ ಹಸಿರು, ಅಮೃತಾಳ ಮದುವೆಯದು. ಒಳಗೆ ಎಲ್ಲಕ್ಕೂ ಕೆಳಗೆ ಆ ಕೆಂಪು. ಉಟ್ಟು ಹರಿದದ್ದನ್ನೆಲ್ಲ ಆಕೆ ಮಗನಿಗೆ ಕಾವಲು ಮಾಡಿದ್ದಳು.

ಒಂದು ಗಳಿಗೆ ಅವನಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು. ಊರ ಮಂದಿಯಂತೆ ಮುಂದೆ ಕಟ್ಟಬಾರದಿತ್ತೇ? ಹಳೆಯದನ್ನು ಬಿಚ್ಚಬಾರದೆಂದು ಯಾವ ದೇವರು ಹೇಳಿತ್ತು? ಆ ಸಿಟ್ಟು ಹೊರಳಿ ದೇವಿಯ ಮೇಲೆ ಹೋಯಿತು. ನಿನ್ನ ಹೆಸರಿನಲ್ಲಿ ಕಟ್ಟಿದ್ದಲ್ಲವೇ, ನೀನು ಸಡಿಲಿಸಬಾರದಿತ್ತೇ? ಹೊಳೆ ತನ್ನ ಪಾಡಿಗೆ ಹರಿಯಿತು. ಅಷ್ಟರಲ್ಲಿ ಗಂಟಿನ ಸಂದಿಯಲ್ಲಿ ಒಂದು ಉದ್ದ ಕೂದಲು ಸಿಕ್ಕಿರುವುದು ಕಂಡಿತು. ಅರ್ಧ ಕರಿದು, ಅರ್ಧ ಬಿಳಿದು. ಗಾಡಿಯ ಕೆಳಗೆ ಅಂಗಾತ ಮಲಗಿ, ಮುಖದ ಮೇಲೆ ಮಣ್ಣು ಉದುರಿಸಿಕೊಳ್ಳುತ್ತ ಬಿಗಿಯುವಾಗ ಉದುರಿದ ಕೂದಲು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಗ ಹೋದಂದಿನಿಂದ ಅಳದ ಮುದುಕ ಅಲ್ಲಿ, ಬಟ್ಟೆ ಒಗೆಯುವ ಹೆಂಗಸರು ತಿರುಗಿ ನೋಡುವಂತೆ ಅತ್ತ.

ಸತ್ಯ ಹೇಳಿದರೆ ಆಕೆ ಉಳಿಯುವುದಿಲ್ಲ. ಸುಳ್ಳು ಹೇಳಲು ಅವನಿಗೆ ಬಾರದು.

"ತಾಯೀ," ಎಂದ, ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗಿಳಿದು. "ನಿನ್ನ ಭಂಡಾರ ನಿನಗ ಒಪ್ಪಿಸೀನಿ. ಆಕಿ ಪ್ರೀತೀಲೆ ಕಟ್ಟ್ಯಾಳ. ನೀನೂ ಆಕಿಗೆ ಹೇಳಬ್ಯಾಡ. ಆಕಿ ಕೇಳಿದಾಗ ನಾ ಏನು ಹೇಳಬೇಕು, ಅಷ್ಟು ಮಾತು ಮಾತ್ರ ಕೊಡು."

ಬಿಟ್ಟ. ಬಟ್ಟೆಯಾದ್ದರಿಂದ ತೇಲಬಹುದೆಂದು ನೋಡಿದ. ಎರೆಮಣ್ಣಿನ ಭಾರಕ್ಕೆ ಅದು ಒಮ್ಮೆಲೇ ಮುಳುಗಿತು.

*

ಹೊಸ ವಾಲ್ವು ಕೂತಿತು. ಬಾಷಾ ಹೊಸ ಪೈಪುಗಳನ್ನು ಚೆಸ್ಸಿಯ ಮೈಗೆ ತಕ್ಕಂತೆ ಮೊಣಕಾಲಿನ ಮೇಲೆ ಬಾಗಿಸಿ, ಅವುಗಳ ಬಾಯಿ ಅಗಲಿಸಿ, ನಟ್ಟು ಬಿಗಿದ. ಎಲ್ಲಿಯೂ ಕಬ್ಬಿಣಕ್ಕೆ ಕಬ್ಬಿಣ ತಿಕ್ಕದಂತೆ ರಬ್ಬರು ಕೊಟ್ಟ. ಇನ್ನು ಪೈಪಿನೊಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಒಬ್ಬರು ಮೇಲೆ ಕುಳಿತು ಪೆಡಲ್ ಒತ್ತಬೇಕು.

"ನಾ ಒತ್ತತೀನಿ," ಎಂದ ಹಂಪಣ್ಣ.

ಮಗನ ಜಾಗದಲ್ಲಿ ಅವನು ಕುಳಿತದ್ದು ಅದೇ ಮೊದಲು. ಸೀಟು ಸಿದ್ದೇಶನ ಮೈಗೆ ತಗ್ಗಿತ್ತು. ಪೆಡಲಿನ ರಬ್ಬರು ಅವನ ಬಲಗಾಲಿಗೆ ಒಂದು ಮಗ್ಗುಲಲ್ಲಿ ಸವೆದಿತ್ತು. ಹಂಪಣ್ಣ ಚಪ್ಪಲಿ ಬಿಟ್ಟು ಬರಿಗಾಲಿಟ್ಟ.

"ಒತ್ತ್ರಿ!" ಎಂದ ಬಾಷಾ ಕೆಳಗಿನಿಂದ. "ಹಿಡದs ಇರ್ರಿ... ಬಿಡ್ರಿ. ಇನ್ನೊಮ್ಮೆ."

ಮೊದಮೊದಲು ಪೆಡಲು ಹಸಿ ಮಣ್ಣಿನಂತೆ ಮೆತ್ತಗೆ ಒಳಗೆ ಹೋಯಿತು. ಬರಬರುತ್ತ ಕಾಲಿಗೆ ಎದುರು ಕೊಡತೊಡಗಿತು. ಕೊನೆಯ ಗಳಿಗೆಯಲ್ಲಿ ಮಗನೂ ಹೀಗೆಯೇ, ಇಲ್ಲಿಯೇ, ಇದ್ದಷ್ಟು ಶಕ್ತಿಯಿಂದ ಒತ್ತಿದ್ದ. ಅವನು ತಪ್ಪು ಮಾಡಿರಲಿಲ್ಲ. ಬಾಯಿಲ್ಲದ ಕುರಿಗಳನ್ನು ಉಳಿಸಲು ಮಾಡಬೇಕಾದ್ದನ್ನೇ ಮಾಡಿದ್ದ.

"ಬಿಡ್ರಿ," ಎಂದ ಬಾಷಾ. ಹಂಪಣ್ಣ ಬಿಡಲಿಲ್ಲ. "ಹಂಪಣ್ಣಾರ, ಬಿಡ್ರಿ. ಆತು. ಗಾಳಿ ಹೋತು."

*

ಅಮಾವಾಸ್ಯೆಯ ದಿನ ಗಾಡಿ ಒಯ್ಯಲು ಶಿವಲೀಲಾ ಬಸ್ಸಿನಲ್ಲಿ ಬಂದಳು. ಜೊತೆಗೆ ಮುದುಕಮ್ಮನೂ ಇಳಿದಳು. ಆಕೆಯ ಕೈಯಲ್ಲಿ ಎಲೆಯಲ್ಲಿ ಸುತ್ತಿದ ಹೊಸ ಗಂಟಿತ್ತು. ಅಂಚು ಬಿಳಿದು, ಮಗ ಹೋದ ದಿನ ಆಕೆ ಉಟ್ಟಿದ್ದ ಸೀರೆಯದು.

"ಈ ಸಲ ನಾ ತಪ್ಪಸಂಗಿಲ್ಲ," ಎಂದು ಯಾರ ಮುಖವನ್ನೂ ನೋಡದೆ ಗಾಡಿಯ ಹಿಂದಕ್ಕೆ ನಡೆದಳು. ಸೆರಗು ಸಿಕ್ಕಿಸಿ, ನೆಲಕ್ಕೆ ಕೈ ಊರಿ ಬಗ್ಗಿದಳು.

"ಯವ್ವಾ, ತಡೀರಿ," ಎಂದು ಬಾಷಾ ಓಡಿ ಬಂದ. "ಕೆಳಗ ಎಲ್ಲಾ ಆಯಿಲ್ ಐತಿ. ಮತ್ತ ನಾ ಒಂದು ಮಾತು ಹೇಳಲೇನ್ರಿ? ಈಗ ಗಾಡಿ ಓಡಸಾಕಿ ನಿಮ್ಮ ಸೊಸಿ. ಒಬ್ಬಾಕಿನs ಹೋಗಾಕಿ. ಗಂಟು ಆಕಿ ಕಣ್ಣಮುಂದ ಇದ್ರ ಧೈರ್ಯ ಇರತೈತಿ. ಒಳಗ ಕಟ್ಟ್ರಿ."

"ಕಾಣೋಹಂಗ ಕಟ್ಟತಾರೇನ?"

"ಅತ್ತಿ," ಎಂದಳು ಶಿವಲೀಲಾ ಮೆಲ್ಲಗೆ. "ಒಳಗಿದ್ರ ನಾ ಒಬ್ಬಾಕಿನs ಕಾಣತೀನಿ. ನನ್ನ ಕಣ್ಣ ಬ್ಯಾರೆಯವ್ರ ಕಣ್ಣೇನ್ರಿ?"

ಮುದುಕಮ್ಮ ಬಗ್ಗಿದಲ್ಲಿಂದ ಎದ್ದಳು. ಸೊಸೆಯ ಮುಖ ನೋಡಿದಳು. ಆಮೇಲೆ ಗಂಡನ ಕಡೆಗೆ ತಿರುಗಿದಳು. ಹಂಪಣ್ಣ ಇಷ್ಟು ದಿನ ಹೆದರಿದ್ದ ಪ್ರಶ್ನೆ ಬಂದೇ ಬಂತು.

"ಹಳೇವು ಉದರಿ ಬಿದ್ದಿದ್ವಲ್ಲ?"

"ಇಲ್ಲ."

"ನೋಡೀರೇನು?"

"ನೋಡೀನಿ. ಈ ಕೈಲೆ ಹಿಡದು ನೋಡೀನಿ." ಹಂಪಣ್ಣನ ನಾಲಗೆ ತೊದಲಲಿಲ್ಲ. "ಎಲ್ಲಾ ಇದ್ದಲ್ಲೇ ಇದ್ದವು. ಕೆಂಪು ಇಳಕಲ್ಲಿಂದು ಹಿಡದು ನೀಲಿ ಸೀರಿದರ ತನಕ. ಒಂದು ಗಂಟೂ ಬಿಚ್ಚಿರಲಿಲ್ಲ. ಗರಗಸ ಹಚ್ಚಿ ಕೊಯ್ಯಬೇಕಾತು. ಬೇಕಾದ್ರ ಬಾಷಾನ ಕೇಳು."

ಬಾಷಾ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾವನ್ನು ಒರೆಸುತ್ತ, "ಹೌದ್ರಿ ಯವ್ವಾ. ಅಂಥ ಗಟ್ಟಿ ಗಂಟು ನಾ ಕಂಡಿಲ್ಲ," ಎಂದ.

"ಹಂಗಾದ್ರ ಅವ ಬರೇ ಮೈಲೆ ಹೋಗಿಲ್ಲ," ಎಂದಳು ಮುದುಕಮ್ಮ. "ನಾ ಕಟ್ಟಿದ್ದು ಕಡೀತನಕ ಅವನ ಕೂಡ ಇತ್ತು."

"ಇತ್ತು. ಕಡೀತನಕ ಇತ್ತು."

"ಈಗ ಎಲ್ಲೈತಿ?"

"ಹುಲಿಗಿ ಹೊಳಿಗೆ ಬಿಟ್ಟು ಬಂದೀನಿ. ತಾಯಿದು ತಾಯಿಗೆ."

ಆಗ ಆಕೆ ಅತ್ತಳು. ಗಾಡಿಯ ಬಾಗಿಲಿಗೆ ಹಣೆ ಹಚ್ಚಿ, ಮಗನ ಹೆಸರು ಹಿಡಿದು, ಇಷ್ಟು ದಿನ ಒಳಗೇ ಹೆಪ್ಪುಗಟ್ಟಿದ್ದುದೆಲ್ಲ ಕರಗಿ ಹರಿಯುವಂತೆ ಅತ್ತಳು. ಶಿವಲೀಲಾ ಅತ್ತೆಯನ್ನು ತಬ್ಬಿ ನಿಂತಳು. ಬಾಷಾ ಬೆನ್ನು ತಿರುಗಿಸಿ, ಬಿಗಿದಿದ್ದ ನಟ್ಟನ್ನೇ ಮತ್ತೆ ಬಿಗಿಯಲು ಹೋದ. ಹಂಪಣ್ಣ ಮಾತ್ರ ನಿಂತಲ್ಲೇ ನಿಂತಿದ್ದ. ಅವನು ಕೇಳಿದಷ್ಟೇ ಮಾತನ್ನು ದೇವಿ ಕೊಟ್ಟಿದ್ದಳು. ಅದರಲ್ಲಿ ಸುಳ್ಳಿನ ಹನಿಯೂ ಇರಲಿಲ್ಲ. ಇದಕ್ಕಿಂತ ಒಂದು ಸುಳ್ಳು ಹೇಳಿದ್ದರೆ ಎದೆ ಹಗುರವಾಗಿರುತ್ತಿತ್ತೇನೋ ಎಂದು ಅವನಿಗೆ ಅನಿಸಿತು.

ಗಂಟನ್ನು ಮುದುಕಮ್ಮ ಗಾಡಿಯ ಒಳಗೆ, ಗಾಜಿನ ಮೂಲೆಯಲ್ಲಿ ಕಟ್ಟಿದಳು. ಬಾಷಾನಿಂದ ಕಡ್ಡಿಪೆಟ್ಟಿಗೆ ಕೇಳಿ ಇಸಿದುಕೊಂಡು ತಾನೇ ಕರ್ಪೂರ ಹಚ್ಚಿ ಬೆಳಗಿದಳು.

ಮೂವರೂ ಮುಂದಿನ ಸೀಟಿನಲ್ಲೇ ಒತ್ತಾಗಿ ಕುಳಿತರು. ಹಿಂದೆ ಸರಕಿಲ್ಲ, ಗಾಡಿ ಖಾಲಿ. ಕುಕನೂರಿನ ಹತ್ತಿರ ರಸ್ತೆ ಮಳೆಗೆ ತೊಯ್ದಿತ್ತು. ಎಮ್ಮೆಯೊಂದು ಯಾರ ಅಪ್ಪಣೆಯನ್ನೂ ಕೇಳದೆ ರಸ್ತೆಗೆ ಇಳಿಯಿತು. ಶಿವಲೀಲಾ ಬ್ರೇಕ್ ಒತ್ತಿದಳು. ಹಂಪಣ್ಣನ ಬರಿಗಾಲೂ ತನಗರಿಯದೆ ತಳಕ್ಕೆ ಒತ್ತಿತು. ಗಾಡಿ ಒಂದಿಷ್ಟೂ ಓಲಾಡದೆ, ಮೂಗು ನೇರ ಇಟ್ಟುಕೊಂಡು ನಿಂತಿತು. ಎಮ್ಮೆ ಮುಖ ತಿರುಗಿಸಿ ನೋಡಿ ದಾಟಿಹೋಯಿತು.

"ನೋಡಿದ್ರೇನು?" ಎಂದಳು ಮುದುಕಮ್ಮ, ಗಾಜಿನ ಮೂಲೆಯಲ್ಲಿ ತೂಗುತ್ತಿದ್ದ ಗಂಟನ್ನು ಬೆರಳಿನಿಂದ ಮುಟ್ಟಿ. "ಹೆಂಗ ನಿಂತೈತಿ ನೋಡ್ರಿ. ಗಂಟಿನ ಗುಣ."

ಹಂಪಣ್ಣ ಕಿಟಕಿಯಾಚೆ ನೋಡಿದ. ಮಳೆ ಕುಡಿದ ಎರೆಭೂಮಿ ದಿಗಂತದವರೆಗೂ ಕಪ್ಪಗಿತ್ತು.

"ಛಲೋ ನಿಂತೈತಿ," ಎಂದ.

ಮರುದಿನ ಬೆಳಗ್ಗೆ ಜಗುಲಿಯ ಮುಂದೆ ತಂಬಿಗೆ ತುಂಬ ನೀರು, ಪತ್ರಿ ಇದ್ದವು. ಅಡುಗೆಮನೆಯಲ್ಲಿ ಮುದುಕಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹೊರಗೆ ಶಿವಲೀಲಾ ಗಂಗಾವತಿಗೆ ಹೊರಡಲು ಗಾಡಿ ಚಾಲೂ ಮಾಡಿದಳು. ಹಂಪಣ್ಣ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಹೆಂಡತಿ ತಂದಿಟ್ಟ ನೀರೆರೆದು, ಕಣ್ಣು ಮುಚ್ಚಿದ. ಲಿಂಗ ಕಾಣಲಿಲ್ಲ. ಹೊಳೆಯ ತಳದ ಕತ್ತಲಲ್ಲಿ ಕೆಂಪು, ಹಸಿರು, ನೀಲಿ ಅಂಚುಗಳ ಆ ಗಂಟು ಬಿಚ್ಚದೆ ಕುಳಿತಿತ್ತು. ಅದನ್ನೇ ನೋಡುತ್ತ ಅವನು ಪೂಜೆ ಮುಗಿಸಿದ.